ಮುಖದ ಮೇಲಿನ ಕೆಂಪು ಗೆರೆಗಳು

ನಮ್ಮಣ್ಣ ಶಂಕಗಿರಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಚುನಾವಣೆ ಬಂತೆಂದರೆ ನಂಗವಳ್ಳಿಯ ನಮ್ಮ ಮನೆಯಂಗಳದಲ್ಲೇ ನಾಯಕರ ಕಟೌಟ್ ಬರೆಯುತ್ತಿದ್ದ. ತೊಂಬತ್ತರ ದಶಕದಲ್ಲಿ ತಮಿಳು ಸೀಮೆಯ ನಮ್ಮ ಕಡೆ ನಾಯಕರೆಂದರೆ ತೆಂಗಿನಮರದೆತ್ತರದ ಮುಖಗಳು. ಮೂಗು ಸೊಟ್ಟ ಬರೆದನೆಂದು ಪಕ್ಕದೂರಿನ ಪೇಂಟರೊಬ್ಬನ ಬಲಗೈ ಮುರಿದಿದ್ದರು. ಆ ಸುದ್ದಿ ಕೇಳಿದಂದಿನಿಂದ ಅಣ್ಣ ಕುಂಚ ಹಿಡಿದರೆ ಸಾಕು, ನಾನು ಚಿತ್ರದ ಮೂಗನ್ನೇ ಕಾಯುತ್ತಿದ್ದೆ.

ಕುಂಚ ಒರೆಸಲು ಅವನು ಗುಜರಿಯಿಂದ ಹಳೆಯ ಪತ್ರಿಕೆ ತರುತ್ತಿದ್ದ. ಒಂದರಲ್ಲಿ ಚೀನಾದ ಚಿತ್ರವಿತ್ತು. ಆ ದೇಶದವರು ಮನೆಮನೆಯಲ್ಲಿ ತೂಗುಹಾಕುತ್ತಿದ್ದ ದೊಡ್ಡ ನಾಯಕನ ಮುಖ. ಅದರ ಮೇಲೆ ಯಾವನೋ ಕಲಾವಿದ ಅಡ್ಡ ಉದ್ದ ಗೆರೆ ಎಳೆದುಬಿಟ್ಟಿದ್ದ. ಚಿತ್ರದ ಕೆಳಗಿದ್ದದ್ದನ್ನು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ನಾನೇ ಓದಿ ಹೇಳಿದೆ. ಅಣ್ಣ ನಕ್ಕ.

"ಇದು ನಮ್ ಕಟ್ಟಂ ಕಣವ್ವ! ದೊಡ್ಡೋರ್ನ ದೊಡ್ಡೋರ್ ಮಾಡೋದೇ ಈ ಗೆರೆ. ಇವ್ನು ಅಳಿಸ್ದೆ ಬಿಟ್ಟವ್ನೆ, ನೋಡು."

ಕಟ್ಟಂ ಎಂದರೆ ಚೌಕ. ಫೋಟೊದ ಮೇಲೆ ಚೌಕ ಎಳೆದು, ಹಲಗೆಯ ಮೇಲೂ ಅಷ್ಟೇ ಚೌಕ ದೊಡ್ಡದಾಗಿ ಎಳೆದು, ಒಂದೊಂದಾಗಿ ತುಂಬುವುದು ಪೇಂಟರುಗಳ ಕ್ರಮ. ಮುಖ ಮೂಡಿದ ಮೇಲೆ ಗೆರೆ ಕಾಣಬಾರದು.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ, ಬರೆದು ಒಣಗಿದ ಕಟೌಟಿನ ಮುಖದ ಮೇಲೆ ಅಣ್ಣ ಕೆಂಪು ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ನಾಯಕ ಜೈಲಿನ ಕಂಬಿ ಹಿಂದೆ ನಿಂತ ಹಾಗಿತ್ತು.

"ನಿನ್ ಬುದ್ಧಿಗೆ ಬೆಂಕಿ ಬೀಳ! ತಲೆ ಮ್ಯಾಲೆ ಚಪ್ಪಡಿ ಎಳ್ಕೊಂತೀಯಾ? ಕೈ ಹೋದ್ರೆ ಏನ್ ಮಾಡ್ತೀಯ?"

"ಒಂದ್ ಗಳಿಗೆ ನೋಡಿ ಅಳಿಸ್ಬಿಡ್ತೀನಿ. ಇಷ್ಟ್ ವರ್ಸ ಇವರ ಮುಖ ಬರ್ದೆ. ಇದೊಂದೇ ನಂದು ಅನ್ನಿಸ್ತೈತೆ."

ಅಷ್ಟರಲ್ಲಿ ಬಾಗಿಲಲ್ಲಿ ವ್ಯಾನ್ ನಿಂತಿತು. ಪಕ್ಷದ ಕಾರ್ಯದರ್ಶಿ, ಜೊತೆಗೆ ಅವನ ಹುಡುಗರು. ಅವನು ಹಲಗೆ ನೋಡಿದ, ಅಣ್ಣನನ್ನು ನೋಡಿದ. "ಯಾರನ್ನು ಒಳಗೆ ಹಾಕಿದ್ದೀಯ?" ಎಂದು ತಮಿಳಿನಲ್ಲಿ ಕೇಳಿದ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಇನ್ನೂ ಭಯವಾಯಿತು. ಹುಡುಗನೊಬ್ಬ ಅಣ್ಣನ ಬಲಗೈ ಹಿಡಿದುಕೊಂಡಿದ್ದ.

"ವೇಲೆ ಇನ್ನೂ ಮುಡಿಯಲೆ ಅಣ್ಣಾ, ಅಳತೆ ಗೆರೆ ಅದು," ಎಂದೆ ಕಾರ್ಯದರ್ಶಿಗೆ, ಕೆಲಸ ಇನ್ನೂ ಮುಗಿದಿಲ್ಲವೆಂದು.

"ಅಳತೆ ಗೆರೆ ಬಣ್ಣದ ಅಡಿಯಲ್ಲಿರುತ್ತದೆ. ಮೇಲೆ ಹೇಗೆ ಬಂತು?"

ಯಾವ ದೇವರು ನುಡಿಸಿದನೋ, "ಕಟೌಟ್ ನಿಲ್ಲಿಸಲು ಹಲಗೆಗಳನ್ನು ಜೋಡಿಸುವಾಗ ಮುಖ ಸೊಟ್ಟ ಆಗಬಾರದಲ್ಲಣ್ಣಾ, ಅದಕ್ಕೆ ಗುರುತು," ಎಂದುಬಿಟ್ಟೆ.

ಅವನು ನನ್ನನ್ನೇ ದಿಟ್ಟಿಸಿದ. "ಗುರುತು ಹಿಂದುಗಡೆ ಹಾಕಿಕೋ. ಇದನ್ನು ಈಗಲೇ ಅಳಿಸು."

ಹುಡುಗ ಕೈ ಬಿಟ್ಟ. ನಾನು ಬಟ್ಟೆಯನ್ನು ಸೀಮೆಣ್ಣೆಯಲ್ಲಿ ಅದ್ದಿ ಕೊಟ್ಟೆ. ಅಣ್ಣನ ಕೈಯಿಂದ ಬಟ್ಟೆ ಎರಡು ಸಲ ಬಿತ್ತು. ಅವನು ಕಾರ್ಯದರ್ಶಿಯನ್ನಲ್ಲ, ನನ್ನನ್ನು ನೋಡಿ ಕೇಳಿದ: "ಅಳಿಸ್ಲೇನವ್ವ?"

"ಅಳ್ಸಣ್ಣ."

ಅವನು ಒರೆಸಿದ. ಅವನ ಕೈ ಉಳಿಯಿತು. ಆಮೇಲೆ ಏನು ಬರೆದರೂ ಮೊದಲು ನನ್ನನ್ನು ಕರೆದು, "ಇದ್ರಾಗೆ ತಪ್ಪೇನೂ ಇಲ್ಲ, ಅಲ್ವಾ?" ಎಂದು ಕೇಳುತ್ತಿದ್ದ. ಲಾರಿಯ ಹಿಂದೆ ಗಿಳಿ ಬರೆದರೂ ಕೇಳುತ್ತಿದ್ದ.