ಅದೆಲ್ಮೋ ಹಿಂದುಮುಂದಾಗಿ ಹತ್ತಿದ ಗೋಪುರ

ಪೀಸಾದ ಕ್ಷೌರಿಕ ಅದೆಲ್ಮೋಗೆ ಅರವತ್ತಾರು ವರ್ಷ. ಊರಿನ ವಾಲುಗೋಪುರ ಅವನ ಅಂಗಡಿಯಿಂದ ಕೂಗಳತೆಯಲ್ಲಿದೆ. ಆದರೂ ಆ ಪುಣ್ಯಾತ್ಮ ಅದರ ಒಂದು ಮೆಟ್ಟಿಲನ್ನೂ ತುಳಿದವನಲ್ಲ. ಪದವಿ ಪಡೆಯುವ ಮೊದಲು ಗೋಪುರ ಹತ್ತಿದ ವಿದ್ಯಾರ್ಥಿ ಈ ಜನ್ಮದಲ್ಲಿ ಪಾಸಾಗುವುದಿಲ್ಲ ಎಂದು ಊರಿನವರ ನಂಬಿಕೆ. ಅದೆಲ್ಮೋ ವಿದ್ಯಾರ್ಥಿ! ಇಪ್ಪತ್ತನೇ ವಯಸ್ಸಿಗೆ ಕಾನೂನು ಓದಲು ಸೇರಿದವನು ನಲವತ್ತಾರು ವರ್ಷವಾದರೂ ಮುಗಿಸಿಲ್ಲ. ರೋಮನ್ ಕಾನೂನಿನ ಒಂದೇ ಒಂದು ಮೌಖಿಕ ಪರೀಕ್ಷೆ ಬಾಕಿ. ಹನ್ನೊಂದು ಸಲ ಹೆಸರು ಕೊಟ್ಟಿದ್ದಾನೆ, ಹನ್ನೊಂದು ಸಲವೂ ಬಾಗಿಲ ತನಕ ಹೋಗಿ ವಾಪಸು ಓಡಿ ಬಂದಿದ್ದಾನೆ. ಒಮ್ಮೆ ಗೋಪುರದ ನೆರಳು ಕಾಲಿಗೆ ತಾಗಿತ್ತಂತೆ.

ಅವನ ತಾಯಿ ತೊಂಬತ್ತು ವರ್ಷ ಬದುಕಿದ್ದಳು. "ಪದವಿ ಕೊಡೋ ದಿನ ನಿನ್ನ ತಲೆ ಮೇಲೆ ಎಲೆ ಕಿರೀಟ ಇಡ್ಲಿ ಕಣೋ, ಆಮೇಲೆ ಇಬ್ರೂ ಒಟ್ಟಿಗೆ ಹತ್ತೋಣ," ಎನ್ನುತ್ತಿದ್ದಳು. ಮಗನನ್ನು ಬಿಟ್ಟು ತಾನೊಬ್ಬಳೇ ಹತ್ತಲು ಒಪ್ಪಲಿಲ್ಲ. ಮೂರು ವರ್ಷದ ಹಿಂದೆ ಹತ್ತದೆಯೇ ಹೋದಳು. "ಪಾಸ್ ಮಾಡೇ ಮಾಡ್ತೀನಮ್ಮ," ಎಂದು ಅದೆಲ್ಮೋ ಅವಳ ಕೈ ಹಿಡಿದು ಮಾತು ಕೊಟ್ಟಿದ್ದ. ಆ ಮಾತು ಉಳಿಸಿಕೊಳ್ಳಲು ಈಗ ಉಳಿದಿದ್ದು ಬರುವ ಗುರುವಾರದ ಪರೀಕ್ಷೆ.

ಅಂಥ ವಾರದ ಭಾನುವಾರವೇ ಬಾಲ್ಯದ ಗೆಳೆಯರಿಬ್ಬರು ಬಂದಿಳಿಯಬೇಕೇ? ನಿವೃತ್ತ ಅಂಚೆಯವಳು ಆರ್ಜಿಯಾ, ಮಾಂಸದಂಗಡಿಯ ಪ್ರಿಮೋ. ಒಂದೇ ದಿನದಲ್ಲಿ ಲುಕ್ಕಾ, ಪೀಸಾ ಎರಡೂ ಊರು ನೋಡಿಬಿಡೋಣ ಎಂದು ಎಳೆದುಕೊಂಡು ಹೋದರು. ಲುಕ್ಕಾದಲ್ಲಿ ಕೋಟೆಯ ಮೇಲೆ ನಡೆದಿದ್ದಾಯಿತು, ಒಣದ್ರಾಕ್ಷಿಯ ಸಿಹಿ ರೊಟ್ಟಿ ತಿಂದಿದ್ದಾಯಿತು. ತುದಿಯಲ್ಲಿ ಮರ ಬೆಳೆದ ಗೋಪುರ ಬಂದಾಗ ಅದೆಲ್ಮೋ ಕೆಳಗೇ ನಿಂತ.

"ಲೋ, ಇದು ಲುಕ್ಕಾದ್ದು ಕಣೋ! ನಿನ್ನ ಪರೀಕ್ಷೆಗೂ ಇದಕ್ಕೂ ಏನೋ ಸಂಬಂಧ?" ಎಂದ ಪ್ರಿಮೋ.

"ಗೋಪುರ ಗೋಪುರಗಳು ಒಳಗೊಳಗೇ ಒಂದು. ನಿಂಗೊತ್ತಿಲ್ಲ, ಸುಮ್ನಿರು."

ಮಧ್ಯಾಹ್ನ ಪೀಸಾಕ್ಕೆ ಬಂದರೆ ಆರ್ಜಿಯಾ ಮೂರು ಟಿಕೆಟ್ ತೆಗೆದಿಟ್ಟಿದ್ದಾಳೆ! ಅದೆಲ್ಮೋ ಕೈ ಮುಗಿದು ಹುಲ್ಲಿನ ಮೇಲೆ ಕೂತ. ಅವರಿಬ್ಬರೂ ಹತ್ತಿದರು. ಅರ್ಧ ಗಂಟೆಯಲ್ಲಿ ಆರ್ಜಿಯಾಳ ಫೋನ್.

"ಬೇಗ ಬಾರೋ! ಪ್ರಿಮೋ ಮಂಡಿ ಹಿಡ್ಕೊಂಡ್ಬಿಟ್ಟಿದೆ. ಅಲ್ಲಾಡಲ್ಲ ಅಂತಾನೆ."

ಪ್ರಿಮೋನ ಮಂಡಿ ಶಾಲೆಯ ಫುಟ್ಬಾಲ್ ಕಾಲದಿಂದಲೂ ಹಾಗೆ, ಯಾವಾಗೆಂದರೆ ಆವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ನೀವಿ ಸರಿ ಮಾಡಲು ಬರುವುದು ಅದೆಲ್ಮೋಗೆ ಮಾತ್ರ. ಗೆಳೆಯನನ್ನು ಬಿಡುವುದೋ, ಅಮ್ಮನಿಗೆ ಕೊಟ್ಟ ಮಾತು ಬಿಡುವುದೋ? ಬಡಪಾಯಿ ಗೋಪುರದ ಬಾಗಿಲಲ್ಲಿ ಬೆವರಿದ. ಅರ್ಧ ಓದಿದ ವಕೀಲನ ಬುದ್ಧಿ ಆಗ ಕೆಲಸ ಮಾಡಿತು. ನಿಷೇಧ ಇರುವುದು ಹತ್ತುವುದಕ್ಕೆ, ಇಳಿಯುವುದಕ್ಕಲ್ಲ. ಇಳಿಯುವವನ ಮುಖ ಬಾಗಿಲ ಕಡೆಗಿರುತ್ತದೆ. ಹಾಗಾದರೆ ಬಾಗಿಲ ಕಡೆ ಮುಖ ಮಾಡಿಕೊಂಡೇ ಹೋದರೆ? ಆಹಾ!

ಹಿಂದುಮುಂದಾಗಿ ಒಂದೊಂದೇ ಮೆಟ್ಟಿಲು. ತಲೆ ಗಿರ್ರೆಂದಿತು, ಸೊಂಟ ಹಿಡಿಯಿತು. ಕೆಳಗಿನಿಂದ ಮುಖಕ್ಕೆ ಮುಖ ಕೊಟ್ಟು ಹತ್ತಿ ಬರುತ್ತಿದ್ದ ಪ್ರವಾಸಿ ಹೆಂಗಸು ಬೆರಗಾಗಿ ಕೇಳಿದಳು.

"ಯಾಕೆ ಹಿಂಗೆ?"

"ಪೀಸಾದವರು ಹಿಂಗೇ ಕಣಮ್ಮ," ಎಂದ ಏದುಸಿರಿನಲ್ಲಿ.

ಅವಳು ತಿರುಗಿ ನಿಂತಳು. ಅವಳ ಗಂಡನೂ ತಿರುಗಿದ. ನೋಡನೋಡುತ್ತ ಮೂವತ್ತು ಜನ ಬೆನ್ನು ಮುಂದು ಮಾಡಿಕೊಂಡು ಮೇಲೇರತೊಡಗಿದರು. ತುದಿಗೆ ಮೂರು ಮೆಟ್ಟಿಲಿದ್ದಾಗ ಕಾವಲುಗಾರ ಕಿರುಚಿದ. "ಏನ್ರೀ ಇದು ತಮಾಷೆ! ನೆಟ್ಟಗೆ ಹತ್ರೀ!" ಅದೆಲ್ಮೋ ಬೆಚ್ಚಿ ಗಿರಕ್ಕನೆ ತಿರುಗಿದ. ಮೂರೂ ಮೆಟ್ಟಿಲು ನೆಟ್ಟಗೇ ಹತ್ತಿಬಿಟ್ಟ.

ಅಲ್ಲಿಗೆ ಎಲ್ಲ ಮುಗಿಯಿತು. ಮಂಡಿ ನೀವುತ್ತಲೇ ಅದೆಲ್ಮೋ ಗಳಗಳನೆ ಅತ್ತ. ಸುತ್ತಲಿನ ಊರನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಅಳೋದ್ಯಾಕೆ? ಫೇಲ್ ಆಗೋದು ಗ್ಯಾರಂಟಿ ಆಯ್ತಲ್ಲ," ಎಂದಳು ಆರ್ಜಿಯಾ. "ಇನ್ನು ಹೆದರೋಕೆ ಏನಿದೆ? ಗುರುವಾರ ಹೋಗಿ ನೆಮ್ಮದಿಯಾಗಿ ಫೇಲ್ ಆಗಿ ಬಾ. ನಲವತ್ತಾರು ವರ್ಷದಲ್ಲಿ ನೆಟ್ಟಗೆ ಒಂದ್ಸಲ ಫೇಲೂ ಆಗಿಲ್ಲ ನೀನು!"

ಪ್ರಿಮೋ ಎರಡೆರಡು ಮೆಟ್ಟಿಲು ಹಾರುತ್ತ ಇಳಿದ. ಅವನ ಮಂಡಿ ನಿಜವಾಗಿಯೂ ಹಿಡಿದಿತ್ತೋ ಇಲ್ಲವೋ, ದೇವರಿಗೇ ಗೊತ್ತು.

ಗುರುವಾರ ಅದೆಲ್ಮೋ ಮನೆಯ ಚಪ್ಪಲಿಯಲ್ಲೇ ಹೋದ. ಸೋಲು ಖಾತ್ರಿಯಾದವನಿಗೆ ಯಾವ ಭಯ? ಮಗಳ ವಯಸ್ಸಿನ ಪ್ರಾಧ್ಯಾಪಕಿ ಕೇಳಿದ್ದಕ್ಕೆಲ್ಲ, ಗಿರಾಕಿಯ ಗಡ್ಡ ಹೆರೆಯುತ್ತ ಹರಟುವ ಹಾಗೆ ಹೇಳುತ್ತ ಹೋದ. ಮೂವತ್ತಕ್ಕೆ ಹದಿನೆಂಟು ಬಂತು. ಪಾಸಿಗೆ ಬೇಕಾದದ್ದು ಅಷ್ಟೇ. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ.

ಪದವಿ ಕೊಟ್ಟ ದಿನ ಎಲೆ ಕಿರೀಟ ತೊಟ್ಟು, ಎದೆಯ ಜೇಬಿನಲ್ಲಿ ಅಮ್ಮನ ಫೋಟೋ ಇಟ್ಟುಕೊಂಡು, ನೆಟ್ಟಗೆ ಗೋಪುರ ಹತ್ತಿದ. ಎದುರಿಗೆ ಒಂದು ಗುಂಪು ಹಿಂದುಮುಂದಾಗಿ ಹತ್ತುತ್ತಿತ್ತು. ಅದರಲ್ಲೊಬ್ಬಳು ಅವನನ್ನು ತಡೆದಳು. "ಹಂಗಲ್ಲ ತಾತ, ಇಲ್ಲಿ ಹಿಂಗೆ ಹತ್ಬೇಕು. ನೀವು ಹೊಸಬರಾ?"

ತುದಿಯಿಂದ ಊರೆಲ್ಲ ಕಂಡಿತು. ಅಮ್ಮ ಬಟ್ಟೆ ಒಣಹಾಕುತ್ತಿದ್ದ ಮಹಡಿಯೂ ಕಂಡಿತು. ಎಲ್ಲಿದ್ದಳು ಅವಳು? ಅದೆಲ್ಮೋ ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾ," ಎಂದ, "ಯಾವತ್ತು ಬೇಕಾದ್ರೂ ಹತ್ಬಹುದಿತ್ತು ಕಣೇ."