ಅಮ್ಮನ ಒಪ್ಪೊತ್ತು

ಅಮ್ಮ ಸತ್ತು ಎರಡು ವರ್ಷವಾದ ಮೇಲೆ ಅವಳ ಹಸಿವಿಗೊಂದು ಇಂಗ್ಲಿಷ್ ಹೆಸರಿದೆ ಎಂದು ನನಗೆ ಗೊತ್ತಾಯಿತು. ಹೇಳಿದವಳು ನನ್ನ ಮಗಳು. ತಿರುವನಂತಪುರದ ಕಳಕ್ಕೂಟಂನ ಅವಳ ಫ್ಲ್ಯಾಟಿನಲ್ಲಿ, ಒಂದು ಶನಿವಾರ ಬೆಳಿಗ್ಗೆ.

ನಾನು ಎರ್ನಾಕುಲಂನ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಬ್ಯಾಂಕಿಗೆ ರಜೆಯಿರುವ ಶನಿವಾರಗಳಲ್ಲಿ ರೈಲು ಹತ್ತಿ ಮಗಳನ್ನು ನೋಡಲು ತಿರುವನಂತಪುರಕ್ಕೆ ಹೋಗುತ್ತೇನೆ. ಆ ದಿನ ನಾಲ್ಕು ಗಂಟೆಗೇ ಎದ್ದು ಅಕ್ಕಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿಪುಡಿಯ ಜೊತೆ ಡಬ್ಬಿಗೆ ತುಂಬಿಕೊಂಡು ಹೋಗಿದ್ದೆ. ಮಗಳು ಮುಚ್ಚಳ ತೆಗೆದಳು, ವಾಸನೆ ನೋಡಿದಳು, ಮತ್ತೆ ಮುಚ್ಚಿಟ್ಟಳು. ಈಗ ಅವಳು ದಿನಕ್ಕೊಂದೇ ಊಟ ಮಾಡುವುದಂತೆ, ಅದೂ ಮಧ್ಯಾಹ್ನ ಒಂದು ಗಂಟೆಗೆ. ಉಳಿದ ಹೊತ್ತು ನೀರು, ಸಕ್ಕರೆಯಿಲ್ಲದ ಕರಿ ಕಾಫಿ. ಇದಕ್ಕೆ ಇಂಗ್ಲಿಷಿನಲ್ಲಿ 'ಇಂಟರ್ಮಿಟೆಂಟ್ ಫಾಸ್ಟಿಂಗ್' ಎಂದು ಹೆಸರಂತೆ.

ಅವಳ ಆಫೀಸಿನವರು ಎಲ್ಲರ ರಕ್ತ ತೆಗೆದು 'ದೇಹದ ವಯಸ್ಸು' ಎಂಬ ಅಂಕಿಯೊಂದನ್ನು ಕೊಟ್ಟಿದ್ದರು. ಹುಟ್ಟಿದ ದಿನದ ಲೆಕ್ಕದಲ್ಲಿ ಇವಳಿಗೆ ಇಪ್ಪತ್ತೇಳು, ರಕ್ತದ ಲೆಕ್ಕದಲ್ಲಿ ಇಪ್ಪತ್ತನಾಲ್ಕು. ಹೊಟ್ಟೆಗೆ ಬಿಡುವು ಕೊಟ್ಟರೆ ಮುಪ್ಪು ನಿಧಾನವಾಗಿ ಬರುತ್ತದಂತೆ. ಇರಬಹುದು. ಆ ವಿಜ್ಞಾನ ಸುಳ್ಳೆಂದು ಹೇಳುವಷ್ಟು ನಾನು ಓದಿಕೊಂಡವಳಲ್ಲ. ಅವಳ ಫ್ರಿಜ್ಜಿನಲ್ಲಿ ಹಣ್ಣು, ಮೊಟ್ಟೆ, ಪನೀರ್, ನೆನೆಹಾಕಿದ ಬಾದಾಮಿ ಎಲ್ಲ ಇತ್ತು. ಬೇಕೆಂದರೆ ತಿನ್ನಬಲ್ಲವಳು ಒಂದು ಹೊತ್ತು ಬಿಟ್ಟರೆ ನನ್ನದೇನೂ ತಕರಾರಿಲ್ಲ.

ಆಮೇಲೆ ಅವಳು ಲ್ಯಾಪ್‌ಟಾಪ್ ತಿರುಗಿಸಿ ನನ್ನ ಮುಂದಿಟ್ಟಳು. ಸೋಮವಾರ ಆಫೀಸಿನಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಆಹಾರ ಪದ್ಧತಿಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ಪರದೆಯ ಮೇಲೆ ನನ್ನ ಅಮ್ಮ. ಕೊಚ್ಚಿಯ ಮಟ್ಟಾಂಚೇರಿ ದೋಣಿಕಟ್ಟೆಯಲ್ಲಿ ಎಪ್ಪತ್ತೈದನೆಯ ವಯಸ್ಸಿನಲ್ಲಿ ತೆಗೆದ ಫೋಟೊ, ಬಾಯಿತುಂಬ ನಗು. ಕೆಳಗೆ ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು: ನನ್ನ ಅಜ್ಜಿ, ನಲವತ್ತು ವರ್ಷ ದಿನಕ್ಕೊಂದೇ ಊಟ, ಮುಪ್ಪನ್ನು ಗೆದ್ದವಳು.

ನನಗೆ ಮೈಯೆಲ್ಲ ಉರಿದುಹೋಯಿತು.

"ಯಾರೇ ಹೇಳಿದ್ದು ನಿನಗೆ ಗೆದ್ದಳು ಅಂತ?" ಎಂದೆ.

ಮಗಳು ನಾನು ಹೊಗಳುತ್ತೇನೆಂದು ಕಾದಿದ್ದವಳು. ಮುಖ ಸಣ್ಣದು ಮಾಡಿಕೊಂಡಳು.

ಅವಳಿಗೆ ಗೊತ್ತಿರಲಿಲ್ಲ, ನಿಜ. ಗೊತ್ತು ಮಾಡಿಸಬೇಕಾದವಳು ನಾನು. ನನ್ನ ಅಪ್ಪ ತೀರಿಕೊಂಡಾಗ ಅಮ್ಮನಿಗೆ ಮೂವತ್ತಾರು, ನನಗೆ ಹತ್ತು. ಮೈಸೂರಿನ ಕೂಡುಕುಟುಂಬದ ಮನೆ. ಹದಿಮೂರನೆಯ ದಿನ ಕಳೆದ ಮೇಲೆ ದೊಡ್ಡಪ್ಪ ಪಡಸಾಲೆಯಲ್ಲಿ ಕೂತು, "ಇನ್ಮೇಲೆ ಅವಳಿಗೆ ಒಪ್ಪೊತ್ತು" ಎಂದರು. ಒಪ್ಪೊತ್ತು ಎಂದರೆ ಒಂದೇ ಹೊತ್ತಿನ ಅನ್ನ. ಗಂಡ ಸತ್ತವಳು ರಾತ್ರಿ ಅನ್ನ ಮುಟ್ಟಬಾರದು, ಬೇಕಾದರೆ ಒಂದು ಹಿಡಿ ಅವಲಕ್ಕಿಯ ಪಲಾರ. ಅವಳನ್ನು ಯಾರೂ ಕೇಳಲಿಲ್ಲ. ರಾತ್ರಿ ಹನ್ನೊಂದು ಜನಕ್ಕೆ ಅನ್ನ ಬಸಿದು, ಹುಳಿಗೆ ಒಗ್ಗರಣೆ ಹಾಕಿ, ಸಾಲಾಗಿ ಕೂರಿಸಿ ಬಡಿಸುವ ಕೆಲಸ ಮಾತ್ರ ಅವಳದೇ ಆಗಿ ಉಳಿಯಿತು. ಅದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ. ಅವಳ ಪಕ್ಕದಲ್ಲಿ ಮಲಗುತ್ತಿದ್ದ ನನಗೆ ಅವಳು ಮತ್ತೆ ಮತ್ತೆ ಎದ್ದು ಚೊಂಬಿನ ನೀರು ಕುಡಿಯುವ ಸದ್ದು ಕೇಳುತ್ತಿತ್ತು. ಬಾಯಾರಿಕೆ ಎಂದುಕೊಂಡಿದ್ದೆ.

ಮುಪ್ಪು ನಿಧಾನವಾಗಿ ಬಂತೇ? ನನ್ನ ಮದುವೆಯಲ್ಲಿ ಅಮ್ಮನಿಗೆ ಐವತ್ತು. ಗಂಡಿನ ಕಡೆಯವರೊಬ್ಬರು ಅವಳನ್ನು ನೋಡಿ, "ಹುಡುಗಿ ಅಜ್ಜೀನಾ?" ಎಂದು ಕೇಳಿದರು. ಹಲ್ಲು ಅರ್ಧ ಉದುರಿತ್ತು, ಬೆನ್ನು ಆಗಲೇ ಬಾಗಿತ್ತು. ಅವಳು ನಕ್ಕು ಹೌದೆಂದು ತಲೆಯಾಡಿಸಿಬಿಟ್ಟಳು. ಮೊಮ್ಮಗಳು ಕಂಡದ್ದೆಲ್ಲ ಆಮೇಲಿನ ಅಜ್ಜಿಯನ್ನು. ಅಷ್ಟು ಬೇಗ ಮುದುಕಿಯಾದವಳು ಮುಂದೆ ಹೆಚ್ಚೇನೂ ಬದಲಾಗದಿದ್ದರೆ ಅದನ್ನು ಗೆಲುವು ಎನ್ನುತ್ತಾರೇನು?

ಇನ್ನು ಆ ನಗು. ಆ ದಿನ ದೋಣಿ ತಡವಾಗಿ ಊಟದ ಹೊತ್ತು ಮೀರಿತ್ತು. ಅಮ್ಮ ಹಿಂದಿನ ಮಧ್ಯಾಹ್ನದಿಂದ ಅನ್ನ ಕಂಡಿರಲಿಲ್ಲ. ಕಟ್ಟೆಯ ಪಕ್ಕದ ಚಹಾದಂಗಡಿಯಲ್ಲಿ ಬಿಸಿಬಿಸಿ ಪಳಂಪೊರಿ ಕರಿಯುತ್ತಿದ್ದರು. ಬಾಳೆಹಣ್ಣು ತಾನೇ, ಅನ್ನವಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಒಂದರ ಮೇಲೊಂದು ಮೂರು ತಿಂದಳು. ನನ್ನ ಗಂಡ ಫೋಟೊ ತೆಗೆದದ್ದು ಆಗ. ಅದು ಉಪವಾಸದ ನಗುವಲ್ಲ, ಹೊಟ್ಟೆಗೆ ಬಿದ್ದದ್ದರ ನಗು.

ಇದನ್ನೆಲ್ಲ ಮಗಳಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರಿಸುವ ಹುಡುಗಿ ಅವಳು. ಅಂದು ಮಾತ್ರ ತಡವರಿಸುತ್ತ ಕನ್ನಡದಲ್ಲೇ ಕೇಳಿದಳು.

"ಅಮ್ಮಾ, ಅಜ್ಜಿ ನಮ್ಮನೇಲಿ ಹದಿನೈದು ವರ್ಷ ಇದ್ರಲ್ಲ. ಅಲ್ಲಿ ನಿನ್ನ ದೊಡ್ಡಪ್ಪ ಇರ್ಲಿಲ್ಲ. ನೀನ್ಯಾಕೆ ರಾತ್ರಿ ಊಟ ಹಾಕ್ಲಿಲ್ಲ?"

ಅಲ್ಲಿಯವರೆಗೆ ಸಿಟ್ಟೆಲ್ಲ ಅವಳ ಮೇಲಿತ್ತು, ದೊಡ್ಡಪ್ಪನ ಮೇಲಿತ್ತು. ಆ ಪ್ರಶ್ನೆ ಕೇಳಿದ ಮೇಲೆ ಅದು ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೇ ಬಂತು. ಮೊದಮೊದಲು ಒಂದೆರಡು ಸಲ ಕರೆದಿದ್ದೆ. ಅವಳು ಬೇಡವೆಂದಳು. ಬೇಡವೆನ್ನುವುದನ್ನು ಅವಳಿಗೆ ನಾವೇ ಕಲಿಸಿದ್ದೆವಲ್ಲ. ಆಮೇಲೆ ನನಗೂ ಅದೇ ಅನುಕೂಲವಾಯಿತು. ಬ್ಯಾಂಕಿನಿಂದ ಸುಸ್ತಾಗಿ ಬಂದವಳಿಗೆ ಒಂದು ತಟ್ಟೆ ಕಡಿಮೆ. "ನಮ್ಮಮ್ಮಂದು ಏನೂ ತಾಪತ್ರಯ ಇಲ್ಲ, ರಾತ್ರಿ ಊಟಾನೇ ಮಾಡಲ್ಲ" ಎಂದು ಸಹೋದ್ಯೋಗಿಗಳ ಮುಂದೆ ಜಂಬ ಕೊಚ್ಚಿಕೊಂಡಿದ್ದೇನೆ. ಥೂ.

ಯಾರಿಗೂ ಹೇಳದೇ ಇದ್ದದ್ದನ್ನು ಆಗ ಮಗಳಿಗೆ ಹೇಳಿದೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಎರ್ನಾಕುಲಂನ ಆಸ್ಪತ್ರೆಗೆ ಸೇರಿಸಿದ್ದೆವು. ಮೂಳೆ ಇಷ್ಟು ಟೊಳ್ಳಾಗಿದೆ, ಇವರು ಸರಿಯಾಗಿ ಊಟ ಮಾಡುತ್ತಿರಲಿಲ್ಲವೇ ಎಂದು ಡಾಕ್ಟರು ಕೇಳಿದಾಗ ನನಗೆ ಅವಮಾನವಾಗಿತ್ತು. ಮಾರನೆಯ ಸಂಜೆ ಏಳು ಗಂಟೆಗೆ ಬ್ಯಾಂಕಿನಿಂದ ನೇರವಾಗಿ ವಾರ್ಡಿಗೆ ಹೋದೆ. ಹೊಸ ನರ್ಸ್ ಹುಡುಗಿಯೊಬ್ಬಳು ಅಮ್ಮನನ್ನು ದಿಂಬಿಗೆ ಒರಗಿಸಿ ಬಿಸಿ ಗಂಜಿ ತಿನ್ನಿಸುತ್ತಿದ್ದಳು, ಜೊತೆಗೆ ಬೇಯಿಸಿದ ಹೆಸರುಕಾಳು. "ಕುರಚ್ಚು ಕೂಡಿ ಅಮ್ಮಚ್ಚೀ," ಇನ್ನು ಸ್ವಲ್ಪ ಎಂದು ಮುದ್ದು ಮಾಡುತ್ತಿದ್ದಳು. ಅಮ್ಮ ಚಿಕ್ಕ ಮಗುವಿನಂತೆ ಬಾಯಿ ತೆರೆಯುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಮುಗಿದಿತ್ತು.

ನಾನು ಓಡಿಹೋಗಿ ತಡೆದೆ. ಇವರು ರಾತ್ರಿ ಅನ್ನ ತಿನ್ನುವವರಲ್ಲ, ಅದು ಇವರ ವ್ರತ, ಕೇಳದೆ ಯಾಕೆ ಕೊಟ್ಟೆ ಎಂದು ಮಲಯಾಳಂನಲ್ಲಿ ಆ ಹುಡುಗಿಯನ್ನು ಬೈದೆ. ಅಮ್ಮನ ನೇಮ ಕಾಪಾಡಿದೆನೆಂದು ನನ್ನ ಎಣಿಕೆ. ತಟ್ಟೆಯನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ.

ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೌದು ಕಣೆ, ಮರ್ತೇಬಿಟ್ಟಿದ್ದೆ" ಎಂದಳು.

ನಲವತ್ತೆರಡು ವರ್ಷ ಒಂದು ದಿನವೂ ಮರೆಯದವಳು. ನಾನು ಅದನ್ನು ನಂಬಿ ಮನೆಯಿಂದ ತರಿಸಿದ ಮೊಸರವಲಕ್ಕಿ ಕೊಟ್ಟೆ. ಎರಡು ಚಮಚ ತಿಂದು ಸಾಕೆಂದಳು. ಮಾರನೆಯ ದಿನ ಏಳು ಗಂಟೆಯಾಗುತ್ತಿದ್ದಂತೆ ಬಾಗಿಲ ಕಡೆಗೇ ನೋಡುತ್ತಿದ್ದಳು.

"ಆ ನರ್ಸ್ ಹುಡುಗಿ ಇವತ್ತು ಬರಲ್ವೇನೆ?"

"ಏನು ಬೇಕಮ್ಮ? ನಾನೇ ಇದೀನಲ್ಲ" ಎಂದೆ.

"ಏನೂ ಬೇಡ. ಸುಮ್ನೆ ಕೇಳ್ದೆ."

ಅದಾದ ಐದನೆಯ ದಿನ ಹೋಗಿಬಿಟ್ಟಳು.

ಮಗಳು ಕಣ್ಣೊರೆಸಿಕೊಂಡು ಫೋಟೊ ಅಳಿಸಲು ಕೈ ಚಾಚಿದಳು. ನಾನು ಅವಳ ಕೈ ಹಿಡಿದೆ.

"ಇರ್ಲಿ ಬಿಡು, ತೆಗೀಬೇಡ. ಕೆಳಗಡೆ ಬರೆದಿರೋದನ್ನ ಅಳಿಸು. ಇವಳಿಗೆ ಹಸಿವಾಗ್ತಿತ್ತು ಅಂತ ಬರಿ. ಬಾಯಿಗೆ ಬಂದಿದ್ದ ಗಂಜಿ ಕಿತ್ಕೊಂಡೋಳು ಇವಳ ಮಗಳು, ನಮ್ಮಮ್ಮ ಅಂತಾನೂ ಬರಿ."