ನದಿಯ ಮೇಲೆ ತೇಲಿದ ತಲೆ

ಶಬಾನಾ ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದಲ್ಲಿ. ಅಪ್ಪ ಉಸ್ಮಾನಸಾಬ್ ತುಂಗಭದ್ರೆಯಲ್ಲಿ ಹರಿಗೋಲು ನಡೆಸುತ್ತಿದ್ದ. ಅವನು ಜಡ್ಡಾಗಿ ತೀರಿಕೊಂಡ ಮೇಲೆ ತಾಯಿ ಅಕ್ತರಬಿ ಮಗಳನ್ನು ಕಟ್ಟಿಕೊಂಡು ಬಳ್ಳಾರಿಗೆ ಬಂದಳು. ಸತ್ಯನಾರಾಯಣಪೇಟೆಯಲ್ಲಿ ಬಟ್ಟೆಗೆ ಅಚ್ಚು ಹಾಕುವ ನನ್ನ ಅಂಗಡಿಯಿದೆ. ಹುಡುಗಿ ಅಲ್ಲೇ ಕೆಲಸಕ್ಕೆ ನಿಂತಳು. ನನ್ನ ಬೈಗುಳ ತಾಳದೆ ಆರು ಜನ ಬಿಟ್ಟು ಹೋಗಿದ್ದರು. ಇವಳು ಒಂಬತ್ತು ವರ್ಷ ಹೋಗಲಿಲ್ಲ.

ಮೊದಲ ದಿನವೇ ಎರಡು ಮಾತು ಹೇಳಿಕೊಟ್ಟಿದ್ದೆ. ಅಚ್ಚಿನ ಫ್ರೇಮಿಗೆ ಅಂಟಿಸುವ ಹಾಳೆಯನ್ನು ಕತ್ತರಿಸಿದ ಕಡೆ ಬಣ್ಣ ಇಳಿಯುತ್ತದೆ, ಮುಚ್ಚಿದ ಕಡೆ ಇಳಿಯುವುದಿಲ್ಲ. ಇನ್ನೊಂದು, ಆ ಹಾಳೆ ಫ್ರೇಮಿಗೆ ಅಂಟಿಯೇ ಇರಬೇಕು. ನಮ್ಮಲ್ಲಿ ಬಟ್ಟೆಗಳು ಮೇಜಿನ ಮೇಲೆ ಸಾಲಾಗಿ ಬಿದ್ದಿರುತ್ತವೆ, ಫ್ರೇಮು ಒಂದರಿಂದ ಇನ್ನೊಂದಕ್ಕೆ ನಡೆಯುತ್ತದೆ. ಹಾಳೆ ಕೂದಲೆಳೆಯಷ್ಟು ಸರಿದರೂ ಇಡೀ ಸಾಲು ಕೆಟ್ಟಿತು.

ಆಮೇಲೆ ಅವಳು ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಕೊಂಡಳು. ಫೋನಿನಲ್ಲಿ ನೋಡಿ ನೋಡಿ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಸಿರುಗುಪ್ಪದ ಒಂದು ಸಂಸ್ಥೆಯವರಿಗೆ ಹೊಳೆ ದಾಟುವಾಗಿನ ಎಚ್ಚರಿಕೆ ಕಲಿಸುವ ಮಕ್ಕಳ ಆಟ ಬೇಕಿತ್ತು. ಶನಿವಾರ ತೋರಿಸಬೇಕು. ಒಪ್ಪಿದರೆ ಅಲ್ಲೇ ಕೆಲಸ. "ಇದೊಂದು ಸಲ ನೋಡ್ತೀನಿ. ಆಗ್ಲಿಲ್ಲಂದ್ರ ಆ ಡಬ್ಬಿ ಮಾರಿಬಿಡಬೇಕು" ಎಂದು ಅಕ್ತರಬಿ ಮಗಳಿಂದ ಮಾತು ತೆಗೆದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಅಂಗಡಿಗೆ ಬಂದರು. ಹೋಗುವ ಮುಂಚೆ ನನಗೊಮ್ಮೆ ತೋರಿಸಬೇಕಂತೆ.

ಪರದೆಯ ಮೇಲೆ ಹೊಳೆ, ನಡುವೆ ಬಂಡೆ, ಹರಿಗೋಲು. ಅದರಲ್ಲಿ ಚೌಕಡಿ ಲುಂಗಿ, ತಲೆಗೆ ಕೆಂಪು ಟವೆಲು ಸುತ್ತಿದ ಮನುಷ್ಯ. ಥೇಟ್ ಅಕ್ತರಬಿ ತೋರಿಸಿದ್ದ ಫೋಟೋದ ಉಸ್ಮಾನಸಾಬ್! ಹರಿಗೋಲು ಬಂಡೆಯ ಹಿಂದೆ ಸರಿಯಿತು. ಬಂಡೆ ಗಿಡ್ಡ, ತಲೆಯೊಂದು ಮೇಲೆ ಕಾಣುತ್ತಿತ್ತು. ಸರಿ. ಬಂಡೆ ದಾಟಿತು. ಹರಿಗೋಲೂ ಇಲ್ಲ, ಮೈಯೂ ಇಲ್ಲ. ಕೆಂಪು ಟವೆಲಿನ ತಲೆ ಮಾತ್ರ ನೀರಿನ ಮೇಲೆ ತೇಲಿಕೊಂಡು ದಡದ ಕಡೆ ಹೊರಟಿತು.

"ಯಾ ಅಲ್ಲಾ! ನಿಮ್ಮಪ್ಪನ ಮೈ ಎಲ್ಲೇ?" ಅಕ್ತರಬಿ ಚೀರಿದಳು.

ನನ್ನ ಕೈಯಲ್ಲಿದ್ದ ಬಣ್ಣದ ಡಬ್ಬಿ ಕೆಳಗೆ ಬಿತ್ತು.

"ನಿನ್ನೆ ಸರಿ ಇತ್ತು ಮಾಮಾ! ಬಂಡೆ ಹಿಂದ ಹರಿಗೋಲು ನಿಲ್ಲಿಸಿ ನೋಡಿದ್ದೆ..." ಎಂದಳು ಶಬಾನಾ.

"ನಿಲ್ಲಿಸಿ ನೋಡಿದ್ಯಾ? ಅದು ಹೋಗೋ ಹರಿಗೋಲು ಏನು, ನಿಂತಿರೋ ಕಂಬ ಏನು? ಹೆತ್ತ ತಾಯಿ ಮುಂದ ಅಪ್ಪನ ತಲಿ ತೇಲಿಸ್ತೀಯಾ? ನಾಳಿಂದ ಅಂಗಡಿಗೆ ಬರಬ್ಯಾಡ!"

ನನ್ನ ಕೂಗಾಟದಲ್ಲಿ ನೇರ ಹೋಗುವ ಬಸ್ಸು ತಪ್ಪಿತು. ಕುರುಗೋಡಿನ ಮೇಲೆ ಸುತ್ತಿ ಹೋಗುವ ಬಸ್ಸು ಸಿಕ್ಕಿತು. ಬಾಯಿಗೆ ಬಂದಂತೆ ಅಂದಿದ್ದೆನಲ್ಲ, ಸುಮ್ಮನೆ ಕೂರಲಾಗದೆ ನಾನೂ ಹತ್ತಿದೆ.

ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಮೆಲ್ಲಗೆ ಹೊರಟಿತು. ಕಿಟಕಿ ಗಾಜಿನ ಕೆಳಗರ್ಧಕ್ಕೆ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದರು. ಮೊದಲು ಹೊರಗೆ ನಿಂತ ಹೂವಿನವಳ ಮೈ ಮುಚ್ಚಿತು, ತಲೆ ಉಳಿಯಿತು. ಆಮೇಲೆ ಶೇಂಗಾದವನದು. ಶಬಾನಾ ನನ್ನ ರಟ್ಟೆ ಹಿಡಿದಳು.

"ಮಾಮಾ, ಸ್ಟಿಕ್ಕರ್ ನಮ್ಮ ಜೋಡಿ ಬರಾಕತ್ತೈತಿ! ನಾನೂ ಹಿಂಗ ಮಾಡೀನಿ. ಹರಿಗೋಲು ಬಂಡೆ ಹಿಂದ ಬಂದ ಕೂಡಲೆ ಬಂಡೆಯಾಕಾರದ ಮಾಸ್ಕ್, ಅಂದ್ರ ಮುಚ್ಚೋ ಹಾಳಿ, ತಂದು ಹರಿಗೋಲಿಗೇ ಅಂಟಿಸೀನಿ. ಹರಿಗೋಲು ಹೋದಲ್ಲೆಲ್ಲ ಅದೂ ಹೊಂಟೈತಿ, ಮೈ ಅಳಿಸ್ಕೋತ."

"ಯಾಕ ಅಂಟಿಸಿದಿ?"

"ನೀವೇ ಹೇಳಿದ್ರಲ್ಲ, ಮುಚ್ಚೋ ಹಾಳಿ ಫ್ರೇಮು ಬಿಟ್ಟು ಸರೀಬಾರದು ಅಂತ."

ಒಂಬತ್ತು ವರ್ಷದ ಹಿಂದೆ ಮೇಜಿನ ಮುಂದೆ ನಿಲ್ಲಿಸಿ ಹೇಳಿದ ಮಾತು. ಹಂಗಾದರೆ ಆ ಮೈ ಅಳಿಸಿದವನು ನಾನು.

ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. "ಹರಿಗೋಲು ಎಷ್ಟು ಮುಂದ ಹೋಗ್ತೈತೋ, ಮಾಸ್ಕನ್ನ ಅಷ್ಟೇ ಹಿಂದಕ ದಬ್ಬಬೇಕು. ಆವಾಗ ಅದು ಬಂಡೆ ಮ್ಯಾಲೇ ನಿಂತಂಗ ಆಗ್ತೈತಿ."

"ಹಿಂದಕ ದಬ್ಬಿದ್ರ ನಿಲ್ತೈತಾ? ಹುಚ್ಚು ಹಿಡದೈತೇನ್ಲೇ!"

"ಸುಮ್ಕಿರ್ರಿ ಮಾಮಾ, ಕೈ ಅಲುಗ್ತೈತಿ."

ನನಗೆ ಸುಮ್ಮನಿರು ಎಂದು ಅವಳು ಅಂದದ್ದು ಅದೇ ಮೊದಲು. ಲ್ಯಾಪ್‌ಟಾಪ್ ಅಲುಗದಂತೆ ಅದರ ಅಂಚು ಹಿಡಿದುಕೊಂಡೆ. ಆಚೆ ಕಡೆ ಅಕ್ತರಬಿ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ದಾರಿಯುದ್ದಕ್ಕೂ ಗುಂಡಿ. ಸಿರುಗುಪ್ಪ ಬಂದಾಗಲೂ ಶಬಾನಾ ಬರೆಯುತ್ತಲೇ ಇದ್ದಳು. ಓಡಿಸಿ ನೋಡುವುದಕ್ಕೆ ಹೊತ್ತೇ ಸಿಗಲಿಲ್ಲ.

ಸಂಸ್ಥೆಯ ಜ್ಯೋತಿಲಕ್ಷ್ಮಿ ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಹರಿಗೋಲು ಹೊರಟಿತು. ಬಂಡೆಯ ಹಿಂದೆ ಸರಿಯಿತು. ತಲೆ ಮಾತ್ರ ಉಳಿಯಿತು. ಅಕ್ತರಬಿ ನನ್ನ ಅಂಗಿ ತೋಳು ಹಿಡಿದಳು. ಆಮೇಲೆ ಬಂಡೆಯ ಅಂಚಿನಿಂದ ಹರಿಗೋಲಿನ ಮೂತಿ ಬಂತು, ಮೊಣಕಾಲು, ಚೌಕಡಿ ಲುಂಗಿ, ಹುಟ್ಟು ಹಿಡಿದ ಕೈ. ಉಸ್ಮಾನಸಾಬ್ ಇಡಿಯಾಗಿ ದಡ ಮುಟ್ಟಿದ.

ಮೇಡಂ ಮೂರು ಸಲ ಹಾಕಿಸಿ ನೋಡಿದರು. "ಸೋಮವಾರದಿಂದ ಬರ್ತೀಯೇನಮ್ಮಾ?" ಎಂದರು.

ಶಬಾನಾ ಅವರ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ಅಂಗಡೀಲಿ ಕೆಲಸ ಐತಲ್ಲ ಮಾಮಾ..."

"ಮುಂಜಾನೇನ ಹೇಳೀನಲ್ಲ, ನಾಳಿಂದ ಬರಬ್ಯಾಡ ಅಂತ! ಎಷ್ಟು ಸಲ ಹೇಳಬೇಕು?"

ನನ್ನ ದನಿಗೆ ಮೇಡಂ ಬೆಚ್ಚಿಬಿದ್ದರು. ಅಕ್ತರಬಿ ಮಾತ್ರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.